ಕಂಚಿನ ಪ್ರತಿಮೆ ಅವನದಲ್ಲ: ಸ್ಪ್ರಿಂಗ್‌ಫೀಲ್ಡ್ ಕಟ್ಟಿದ ವಿಲಿಯಂ ಪಿಂಚನ್

ಪ್ರಶ್ನೆ: ಮಗಳನ್ನು ನೋಡಲು ಅಮೆರಿಕಕ್ಕೆ ಹೋಗಿದ್ದೆವು. ಬಾಸ್ಕೆಟ್‌ಬಾಲ್ ಹುಟ್ಟಿದ ಊರು ಅಂತ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ಗೂ ಕರೆದುಕೊಂಡು ಹೋದಳು. ಅಲ್ಲಿ ಲೈಬ್ರರಿ ಪಕ್ಕದಲ್ಲಿ ದೊಡ್ಡ ಟೋಪಿ, ನಿಲುವಂಗಿ, ಕಂಕುಳಲ್ಲಿ ಬೈಬಲ್ ಇರುವ ಕಂಚಿನ ಪ್ರತಿಮೆ ಇದೆ. ಊರು ಸ್ಥಾಪಿಸಿದ ಪ್ಯೂರಿಟನ್ ಇವನೇ ಇರಬೇಕು ಅಂದುಕೊಂಡೆವು. ಆ ಸ್ಥಾಪಕ ಬರೆದ ಧಾರ್ಮಿಕ ಪುಸ್ತಕವನ್ನು ಬಾಸ್ಟನ್ನಿನಲ್ಲಿ ಸುಟ್ಟರಂತೆ. ಧರ್ಮಕ್ಕಾಗಿ ದೇಶ ಬಿಟ್ಟು ಬಂದ ಜನ ತಮ್ಮವನದೇ ಪುಸ್ತಕ ಸುಡುವುದೆಂದರೇನು? ಆತ ನಿಜಕ್ಕೂ ಭಕ್ತನೋ, ಬರೀ ವ್ಯಾಪಾರಿಯೋ? ಅಲ್ಲಿನ ಮೂಲನಿವಾಸಿಗಳಿಂದ ಜಮೀನು ಕೊಂಡದ್ದೋ, ಕಿತ್ತುಕೊಂಡದ್ದೋ?

ಉತ್ತರ: ಮೊದಲು ಪ್ರತಿಮೆಯ ವಿಷಯ ಮುಗಿಸಿಬಿಡೋಣ. ಅದು ಸ್ಥಾಪಕನದಲ್ಲ. ಅವನ ಹೆಸರು ಸ್ಯಾಮ್ಯುಯೆಲ್ ಚೇಪಿನ್, ಊರು ಹುಟ್ಟಿ ಕೆಲವು ವರ್ಷವಾದ ಮೇಲೆ ಬಂದು ಸೇರಿಕೊಂಡ ಚರ್ಚಿನ ಡೀಕನ್, ಅಂದರೆ ಪಾದ್ರಿಗೆ ನೆರವಾಗುವ ಹಿರಿಯ. ಅವನ ವಂಶದ ರೈಲ್ವೆ ಸಾಹುಕಾರನೊಬ್ಬ ಶಿಲ್ಪಿ ಅಗಸ್ಟಸ್ ಸೇಂಟ್ ಗೌಡೆನ್ಸ್ ಕೈಯಲ್ಲಿ ಮಾಡಿಸಿದ ಪ್ರತಿಮೆ ಅದು. 1887ರಲ್ಲಿ ಬೇರೊಂದು ಚೌಕದಲ್ಲಿ ನಿಲ್ಲಿಸಿದರು, 1899ರಲ್ಲಿ ನೀವು ನೋಡಿದ ಜಾಗಕ್ಕೆ ತಂದರು. ಅದಕ್ಕೆ ‘ಪ್ಯೂರಿಟನ್’ ಎಂದೇ ಹೆಸರಾಗಿರುವುದರಿಂದ ನಿಮ್ಮ ಹಾಗೆ ಎಷ್ಟೋ ಜನ ಇವನೇ ಸ್ಥಾಪಕ ಅಂದುಕೊಳ್ಳುತ್ತಾರೆ. ಸ್ಥಾಪಕ ವಿಲಿಯಂ ಪಿಂಚನ್‌ನ ಮುಖ ನೋಡಲು ಬೇರೆ ಊರಿಗೆ ಹೋಗಬೇಕು. ಎಲ್ಲಿಗೆ ಎಂಬುದನ್ನು ಕಡೆಗೆ ಹೇಳುತ್ತೇನೆ.

ಭಕ್ತನೋ ವ್ಯಾಪಾರಿಯೋ ಎಂದು ಕೇಳಿದ್ದೀರಿ. ಪಿಂಚನ್ ಬಿಟ್ಟುಹೋದ ಕಾಗದಪತ್ರ ಓದುತ್ತಾ ಹೋದ ಹಾಗೆ ನನಗೆ ಕಾಣುವುದು ಕರಾರಿನ ಮನುಷ್ಯ. ಬೆಲೆ ಎಷ್ಟು, ಒಪ್ಪಿದವರು ಯಾರು, ಒಪ್ಪಿದ್ದನ್ನು ಉಳಿಸಿಕೊಂಡರೋ ಇಲ್ಲವೋ ಎಂಬ ಪ್ರಶ್ನೆಗಳನ್ನು ಅವನು ಜಮೀನಿನ ಮೇಲೂ ಕೇಳಿದ, ಜೋಳದ ಮೇಲೂ ಕೇಳಿದ, ಕೊನೆಗೆ ಕ್ರಿಸ್ತನ ಶಿಲುಬೆಯ ಮೇಲೂ ಕೇಳಿದ. ಸುಟ್ಟುಹೋದ ಆ ಪುಸ್ತಕದ ಹೆಸರಲ್ಲೇ ‘ಬೆಲೆ’ ಎಂಬ ಮಾತಿದೆ ನೋಡಿ.

ಹುಟ್ಟಿದ್ದು 1590ರಲ್ಲಿ, ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ. ಚೆಮ್ಸ್‌ಫರ್ಡ್ ಪಟ್ಟಣದ ಮಗ್ಗುಲಿಗೆ ಸ್ಪ್ರಿಂಗ್‌ಫೀಲ್ಡ್ ಎಂಬ ಹಳ್ಳಿಯಿದೆ. ಅಲ್ಲಿ ಜಮೀನುಳ್ಳ ಮನೆತನ ಇವನದು. ಹಳ್ಳಿಯ ಚರ್ಚಿಗೆ ವಾರ್ಡನ್ ಆಗಿದ್ದ, ನಮ್ಮ ಕಡೆ ದೇವಸ್ಥಾನದ ಧರ್ಮದರ್ಶಿ ಅನ್ನುವ ಹಾಗೆ. ಪ್ಯೂರಿಟನ್ನರೆಂದರೆ ಬೇರೆ ಮತ ಕಟ್ಟಿದವರು ಎಂಬ ಕಲ್ಪನೆ ನಮ್ಮಲ್ಲಿದೆ, ಅದು ಪೂರ್ತಿ ಸರಿಯಲ್ಲ. ಇವರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಚರ್ಚಿನ ಒಳಗಿದ್ದುಕೊಂಡೇ ಅದರ ಬಿಷಪ್ಪುಗಳ ದರ್ಬಾರು, ಪೂಜಾ ಆಡಂಬರ ತೊಲಗಬೇಕು ಎಂದವರು. 1628ರಲ್ಲಿ ವಿಲಿಯಂ ಲಾಡ್ ಲಂಡನ್ನಿನ ಬಿಷಪ್ ಆದ. ಎಸೆಕ್ಸ್ ಅವನ ಆಡಳಿತಕ್ಕೆ ಸೇರಿತ್ತು. ಚೆಮ್ಸ್‌ಫರ್ಡ್‌ನಲ್ಲಿ ಜನ ಮುಗಿಬಿದ್ದು ಕೇಳುತ್ತಿದ್ದ ಪ್ರಸಂಗಿ ಥಾಮಸ್ ಹೂಕರ್‌ನ ಬಾಯಿ ಮುಚ್ಚಿಸಿದವನು ಈ ಲಾಡ್. ಹೂಕರ್ ಹೆಸರು ನೆನಪಿಟ್ಟುಕೊಳ್ಳಿ, ಆತ ಪಿಂಚನ್‌ನ ಕಥೆಗೆ ಇನ್ನೊಮ್ಮೆ ಬರುತ್ತಾನೆ, ಆಗ ಅಷ್ಟು ಸ್ನೇಹದಿಂದಲ್ಲ.

1629ರಲ್ಲಿ ರಾಜ ಮ್ಯಾಸಚೂಸೆಟ್ಸ್ ಬೇ ಕಂಪನಿಗೆ ಸನದು ಕೊಟ್ಟಾಗ ಅದರಲ್ಲಿದ್ದ ಹೆಸರುಗಳಲ್ಲಿ ಪಿಂಚನ್ ಒಬ್ಬ. ಮರುವರ್ಷ ವಸಾಹತಿನ ಗವರ್ನರ್ ಆಗಿ ಹೊರಟ ಜಾನ್ ವಿಂತ್ರಾಪ್‌ನ ಹಡಗುಗಳ ಜೊತೆ ಹೆಂಡತಿ ಅನ್ನಾ ಮತ್ತು ಮಕ್ಕಳನ್ನು ಕಟ್ಟಿಕೊಂಡು ಹೊರಟ. ವಯಸ್ಸು ನಲವತ್ತು. ಆ ಕಾಲಕ್ಕೆ ಊರು ಬಿಡುವ ವಯಸ್ಸಲ್ಲ. ದಡ ಮುಟ್ಟಿದ ಸ್ವಲ್ಪ ದಿನಕ್ಕೇ ಅನ್ನಾ ತೀರಿಕೊಂಡಳು. ಬಾಸ್ಟನ್ ಪಕ್ಕದ ರಾಕ್ಸ್‌ಬರಿಯಲ್ಲಿ ನೆಲೆಯೂರಿ, ಫ್ರಾನ್ಸಿಸ್ ಸ್ಯಾನ್‌ಫರ್ಡ್ ಎಂಬ ವಿಧವೆಯನ್ನು ಮದುವೆಯಾದ. 1632ರಿಂದ 1634ರವರೆಗೆ ವಸಾಹತಿನ ಖಜಾಂಚಿ. ಜೊತೆಗೆ ಬೀವರ್ ಚರ್ಮದ ವ್ಯಾಪಾರ.

ಈ ಬೀವರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೀವರ್ ಎಂದರೆ ಹೊಳೆಗೆ ಕಟ್ಟೆ ಕಟ್ಟಿ ಬದುಕುವ, ಬಲಿತ ನಾಯಿಯಷ್ಟು ದೊಡ್ಡ ದಂಶಕ. ಅದರ ಒಳಪದರದ ತುಪ್ಪಳದಿಂದ ಮಾಡಿದ ಟೋಪಿಗೆ ಯೂರೋಪಿನಲ್ಲಿ ಎಲ್ಲಿಲ್ಲದ ಬೇಡಿಕೆ. ಭಕ್ತರ ವಸಾಹತು ಇಂಗ್ಲೆಂಡಿನ ಸಾಲ ತೀರಿಸುತ್ತಿದ್ದುದು ಬಹುಪಾಲು ಈ ಪ್ರಾಣಿಯ ಚರ್ಮದಿಂದ. ಕರಾವಳಿಯಲ್ಲಿ ಬೀವರ್ ಬೇಗ ಕಡಿಮೆಯಾಯಿತು. ಒಳನಾಡಿನಿಂದ ಚರ್ಮ ಇಳಿದು ಬರುವ ಹೆದ್ದಾರಿ ಕನೆಕ್ಟಿಕಟ್ ನದಿ. ಅದರ ಮೇಲ್ಗಡೆ ಯಾರು ಮೊದಲು ಕುಳಿತರೆ ಅವರ ಅಂಗಡಿ ಮೊದಲು. ಹಡಗು ಹೋಗಬಹುದಾದ ಕಡೆಯ ಜಾಗದ ಮೇಲೆ ಎನ್‌ಫೀಲ್ಡ್ ಬಳಿ ಬಂಡೆಗಳ ನಡುವೆ ನೀರು ಧುಮ್ಮಿಕ್ಕುತ್ತದೆ. ಪಿಂಚನ್ ಆ ಧುಮುಕಿನ ಮೇಲ್ಗಡೆ ಊರು ಕಟ್ಟಿದ, ಕೆಳಗಡೆ ಗೋದಾಮು ಇಟ್ಟ. ಸರಕನ್ನು ಅಲ್ಲಿ ಇಳಿಸಿ ಎತ್ತಿನ ಗಾಡಿಯಲ್ಲಿ ಮೇಲಕ್ಕೆ ಸಾಗಿಸುವುದು. ಆ ಜಾಗಕ್ಕೆ ಇವತ್ತಿಗೂ ವೇರ್‌ಹೌಸ್ ಪಾಯಿಂಟ್ ಎಂದೇ ಹೆಸರು. ಬೈಬಲ್ ಓದಿ ಮಾತ್ರ ಯಾರೂ ಇಂಥ ಜಾಗ ಹುಡುಕಲಾರರು.

1635ರಲ್ಲಿ ಜಾನ್ ಕೇಬಲ್, ಜಾನ್ ವುಡ್‌ಕಾಕ್ ಎಂಬಿಬ್ಬರು ಮುಂದೆ ಹೋಗಿ ನದಿಯ ಪಶ್ಚಿಮ ದಡದಲ್ಲಿ ಮನೆಯೊಂದನ್ನು ಎಬ್ಬಿಸಿದರು. 1636ರ ವಸಂತದಲ್ಲಿ ವಿಂತ್ರಾಪ್‌ನ ‘ಬ್ಲೆಸಿಂಗ್ ಆಫ್ ದ ಬೇ’ ಹಡಗಿಗೆ ಸಾಮಾನು ತುಂಬಿಸಿ ಸಮುದ್ರದ ಮೇಲೆ ಸುತ್ತಿ ನದಿಗೆ ಕಳಿಸಿದರು, ಜನ ಕಾಡಿನ ಹಾದಿ ಹಿಡಿದರು. ಮೇ 14ರಂದು ಎಂಟು ಜನ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಆ ಕಾಗದ ಪಿಂಚನ್‌ನ ಸ್ವಭಾವದ ಕನ್ನಡಿ. ಮೊದಲನೆಯ ಕಲಮು ದೈವಭಕ್ತ ಪಾದ್ರಿಯೊಬ್ಬನನ್ನು ಆದಷ್ಟು ಬೇಗ ಕರೆತರಬೇಕೆಂದು. ಎರಡನೆಯದಕ್ಕೇ ಲೆಕ್ಕ ಶುರು: ಊರಿನಲ್ಲಿ ನಲವತ್ತು ಕುಟುಂಬ ಇರಬೇಕು, ಮನಸ್ಸು ಬದಲಾದರೂ ಐವತ್ತು ದಾಟಬಾರದು, ಬಡವರು ಶ್ರೀಮಂತರು ಇಬ್ಬರೂ ಸೇರಿ. ಎಲ್ಲರಿಗೂ ಮನೆಯ ನಿವೇಶನ, ಹುಲ್ಲುಗಾವಲಿನಲ್ಲಿ ಪಾಲು, ಸೌದೆಗೆ ಕಾಡಿನ ಪಾಲು. ತೆರಿಗೆ ಎಕರೆ ಲೆಕ್ಕದಲ್ಲಿ. ಮೊದಲಿಗೆ ಕೈಯಿಂದ ದುಡ್ಡು ಹಾಕಿದ ಪಿಂಚನ್, ಅವನ ಅಳಿಯ ಹೆನ್ರಿ ಸ್ಮಿತ್ ಮತ್ತು ಜೆಹು ಬರ್‌ಗೆ ಮೂವರಿಗೂ ಸೇರಿ ಹುಲ್ಲುಗಾವಲಿನಲ್ಲಿ ನಲವತ್ತು ಎಕರೆ ವಿಶೇಷ. ಬಂಡವಾಳ ಹಾಕಿದವನಿಗೆ ಲಾಭಾಂಶ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. (ಈ ಹೆನ್ರಿ ಸ್ಮಿತ್ ಫ್ರಾನ್ಸಿಸ್‌ಳ ಮೊದಲ ಮದುವೆಯ ಮಗ. ಪಿಂಚನ್‌ನ ಮಗಳು ಆನ್‌ಳನ್ನು ಮದುವೆಯಾದ. ಹಾಗಾಗಿ ಮಲಮಗನೂ ಹೌದು, ಅಳಿಯನೂ ಹೌದು.)

ಊರನ್ನು ಪೂರ್ವ ದಡಕ್ಕೆ ಬದಲಾಯಿಸಿದ್ದಕ್ಕೆ ಕಾರಣ ಸರಳ. ಪಶ್ಚಿಮ ದಡದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅಗಾವಮ್ ಜನರ ಜೋಳದ ಹೊಲಗಳಿದ್ದವು. ಇಂಗ್ಲಿಷರ ದನ ಹಂದಿ ಬೇಲಿ ಕಾಣದ ಆ ಹೊಲಕ್ಕೆ ನುಗ್ಗಿದರೆ ನಿತ್ಯ ಜಗಳ. ಪೂರ್ವದ ದಡ ಕೃಷಿಗೆ ಅಷ್ಟು ಒಳ್ಳೆಯದಲ್ಲ, ಬೀದಿಯ ಹಿಂದೆ ಜೌಗು ಬೇರೆ. ಆದರೂ ಅಲ್ಲಿಗೇ ಹೋದರು. ನದಿಗೆ ಸಮಾನಾಂತರವಾಗಿ ಒಂದೇ ಉದ್ದ ಬೀದಿ, ಅದೇ ಈಗಿನ ಮೇನ್ ಸ್ಟ್ರೀಟ್. ಪ್ರತಿ ಮನೆಗೂ ನದಿಯಿಂದ ಹೊರಟು ಜೌಗು ದಾಟಿ ಗುಡ್ಡದ ಕಡೆಗೆ ಪಟ್ಟಿಯಂಥ ನೆಲ.

ಈಗ ಜಮೀನಿನ ಪ್ರಶ್ನೆ. 1636ರ ಜುಲೈ 15ರ ಕ್ರಯಪತ್ರ ಉಳಿದಿದೆ. ಕೊಟ್ಟ ಬೆಲೆ: 18 ಮಾರು ವ್ಯಾಂಪಮ್, 18 ಅಂಗಿ, 18 ಕೊಡಲಿ, 18 ಗುದ್ದಲಿ, 18 ಚಾಕು. ವ್ಯಾಂಪಮ್ ಅಂದರೆ ಸಮುದ್ರದ ಚಿಪ್ಪನ್ನು ಕೊರೆದು ಮಾಡಿದ ಬಿಳಿ, ನೇರಳೆ ಮಣಿಗಳ ಸರ. ಮಲ್ಲಿಗೆ ಹೂ ಅಳೆಯುವ ಹಾಗೆ ಅದನ್ನು ಮಾರಿನಲ್ಲೇ ಅಳೆಯುತ್ತಿದ್ದರು. ಮೂಲನಿವಾಸಿಗಳಿಗೆ ಅದು ಮಾನ, ನೆನಪು, ರಾಜಿಯ ಗುರುತು. ಇಂಗ್ಲಿಷರು ಬಂದ ಮೇಲೆ ಚಿಲ್ಲರೆ ನಾಣ್ಯದ ಹಾಗೂ ಚಲಾವಣೆಯಾಯಿತು.

ಕ್ರಯಪತ್ರದ ಬೆಲೆಗಿಂತ ಷರತ್ತುಗಳು ಹೆಚ್ಚು ಮಾತಾಡುತ್ತವೆ. ಈಗಾಗಲೇ ಬಿತ್ತಿರುವ ನೆಲ ಅವರದೇ. ಮೀನು, ಜಿಂಕೆ, ನೆಲಗಡ್ಡೆ, ವಾಲ್‌ನಟ್, ಓಕ್ ಮರದ ಕಾಯಿ ತೆಗೆದುಕೊಳ್ಳುವ ಸ್ವಾತಂತ್ರ್ಯ ಅವರಿಗೆ ಇರುತ್ತದೆ. ನಮ್ಮ ದನ ಅವರ ಜೋಳ ಹಾಳುಮಾಡಿದರೆ ಆದ ನಷ್ಟವನ್ನು ಕಟ್ಟಿಕೊಡಬೇಕು. ಓಕ್ ಕಾಯಿ ಉದುರುವ ಕಾಲ ಬಿಟ್ಟು ಉಳಿದಂತೆ ಹಂದಿಗಳನ್ನು ಅಗಾವಮ್ ದಡಕ್ಕೆ ಬಿಡಬಾರದು. ಹಕ್ಕುದಾರರಲ್ಲಿ ಕಟ್ಟೋನಸ್ ಎಂಬವನ ತಾಯಿ ಕೆವೆನಸ್ಕ್‌ಳ ಹೆಸರೂ ಇದೆ. ಇಂಗ್ಲೆಂಡಿನಲ್ಲಿ ಗಂಡನಿದ್ದ ಹೆಂಗಸಿಗೆ ಸ್ವಂತ ಹೆಸರಲ್ಲಿ ಜಮೀನು ಮಾರುವುದು ಸುಲಭವಿಲ್ಲದಿದ್ದ ಕಾಲ. ಇಲ್ಲಿ ಯಾರ ಹಕ್ಕು ಎಂದು ಅವರಲ್ಲೇ ಕೇಳಿ, ಹೇಳಿದ ಹಾಗೆ ಬರೆಸಿದ್ದಾನೆ. ಮೂಲನಿವಾಸಿಗಳ ಮಾತನ್ನೂ ಮಧ್ಯೆ ಹಾಗೇ ಉಳಿಸಿದ್ದಾನೆ.

ಹಾಗಾದರೆ ಕೊಂಡದ್ದೇ ಅಂತಾಯಿತಲ್ಲ? ಅಷ್ಟು ಬೇಗ ಪ್ರಮಾಣಪತ್ರ ಕೊಡಬೇಡಿ. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟ ಬಲ್ಲವರಿಗೆ ಈ ತೊಡಕು ತಕ್ಷಣ ತಿಳಿಯುತ್ತದೆ. ನೆಲದ ಮೇಲೆ ಹಕ್ಕು ಅಂದರೆ ಒಂದೇ ಹಕ್ಕಲ್ಲ, ಸೊಪ್ಪಿನದೊಂದು, ಮೇವಿನದೊಂದು, ಹಾದಿಯದೊಂದು. ಅಗಾವಮ್ ಜನರ ಮನಸ್ಸಿನಲ್ಲಿ ಅವರು ಕೊಟ್ಟದ್ದು ಬಹುಶಃ ಜೊತೆಗೆ ಬಾಳುವ ಹಕ್ಕು. ಇಂಗ್ಲಿಷ್ ಕ್ರಯಪತ್ರದಲ್ಲಿ ಅದು ಕಾಯಂ ಮಾಲೀಕತ್ವ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಪಿಂಚನ್ ಬರುವ ಎರಡು ಮೂರು ವರ್ಷ ಹಿಂದೆ, 1633-34ರ ಸಿಡುಬು ಈ ಕಣಿವೆಯ ಮೂಲನಿವಾಸಿಗಳಲ್ಲಿ ಹೆಣಗಳ ರಾಶಿ ಹಾಕಿತ್ತು. ಮಾತುಕತೆಗೆ ಕುಳಿತ ಎರಡು ಕಡೆಯವರಲ್ಲಿ ಒಂದು ಕಡೆಯವರು ಮನೆಮಂದಿಯನ್ನು ಮಣ್ಣು ಮಾಡಿ ಬಂದವರು.

ಹಾಗಿದ್ದರೂ ಪಿಂಚನ್‌ನನ್ನು ಬೇರೆ ವಸಾಹತುಗಾರರ ಗುಂಪಿಗೆ ಸೇರಿಸಿಬಿಡುವುದು ತಪ್ಪು. ಅದಕ್ಕೆ ಜೋಳದ ಗಲಾಟೆ ನೋಡಿ. 1637ರಲ್ಲಿ ಕನೆಕ್ಟಿಕಟ್ಟಿನ ಊರುಗಳು ಪೀಕಾಟ್ ಜನರ ಮೇಲೆ ಯುದ್ಧ ಮಾಡಿದವು. ಕ್ಯಾಪ್ಟನ್ ಜಾನ್ ಮೇಸನ್ ಮಿಸ್ಟಿಕ್ ನದಿ ಪಕ್ಕದ ಕೋಟೆಯೂರಿಗೆ ಬೆಂಕಿಯಿಟ್ಟು ನೂರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಸುಟ್ಟ. ಯುದ್ಧದಲ್ಲಿ ಬಿತ್ತನೆ ಹಾಳಾಗಿ ಆ ಚಳಿಗಾಲ ಇಂಗ್ಲಿಷರಿಗೆ ಹೊಟ್ಟೆಗಿಲ್ಲ. ಆಗ ಪಿಂಚನ್ ಕಟ್ಟಿದ ಊರು (ಅದಕ್ಕೂ ಆಗ ಅಗಾವಮ್ ಎಂದೇ ಹೆಸರು) ಇನ್ನೂ ಕನೆಕ್ಟಿಕಟ್ ಕೂಟದಲ್ಲೇ ಇತ್ತು, ಪಿಂಚನ್ ಅದರ ಮ್ಯಾಜಿಸ್ಟ್ರೇಟರಲ್ಲಿ ಒಬ್ಬ. ಮೂಲನಿವಾಸಿಗಳಿಂದ ಮೆಕ್ಕೆಜೋಳ ಕೊಂಡು ತರುವ ಗುತ್ತಿಗೆಯನ್ನು 1638ರ ಮಾರ್ಚಿನಲ್ಲಿ ಕನೆಕ್ಟಿಕಟ್ಟಿನ ಕೋರ್ಟು ಇವನಿಗೇ ವಹಿಸಿತು, ಬುಷೆಲ್ಲಿಗೆ (ಕೊಳಗದ ಹಾಗೆ ಧಾನ್ಯದ ಅಳತೆ) 5 ಷಿಲಿಂಗ್ ಎಂದು ಕಟ್ಟುಮಾಡಿ. ಮಾರುವವರು ಆ ಬೆಲೆಗೆ ಒಪ್ಪಲಿಲ್ಲ. ಇವನು ಒತ್ತಾಯ ಮಾಡಲೂ ಇಲ್ಲ, ಬೆಲೆ ಏರಿಸಲೂ ಇಲ್ಲ, ಕಾಯೋಣ ಎಂದ. ಕೆಳಗಿನ ಊರುಗಳು ಹಸಿದಿದ್ದವು, ಕಾಯುವ ವ್ಯವಧಾನ ಇರಲಿಲ್ಲ. ಒಂದು ಕೈಯಲ್ಲಿ ದುಡ್ಡು, ಇನ್ನೊಂದರಲ್ಲಿ ಕತ್ತಿ ಹಿಡಿದು ಮೇಸನ್ ಬಂದ. ಮಿಸ್ಟಿಕ್ಕಿನ ಹೊಗೆ ಇನ್ನೂ ಆರಿರದ ಮನುಷ್ಯನನ್ನು ಕಂಡರೆ ಜನ ಹೆದರುತ್ತಾರೆ, ವ್ಯಾಪಾರ ಕೆಡುತ್ತದೆ ಎಂದು ಪಿಂಚನ್ ಅಡ್ಡ ಬಂದ. ಇಬ್ಬರಿಗೂ ಜಟಾಪಟಿ. ಮೇಸನ್ ಇವನನ್ನು ದಾಟಿ ಇನ್ನೂ ಮೇಲಕ್ಕೆ, ಪೋಕಮ್‌ಟಕ್ ಜನರ ಬಳಿಗೆ ಹೋಗಿ ಜೋಳ ಸಂಪಾದಿಸಿದ. ಐವತ್ತು ದೋಣಿ ತುಂಬಾ ಜೋಳ ಕೆಳಗಿಳಿಯಿತು ಎಂಬುದು ಆ ಕಣಿವೆಯಲ್ಲಿ ತಲೆಮಾರುಗಳಿಂದ ಬಂದ ಮಾತು.

ಕೋರ್ಟು ಪಿಂಚನ್‌ಗೆ 40 ಬುಷೆಲ್ ಜೋಳ ದಂಡ ಹಾಕಿತು. ಆಗ ಹಾರ್ಟ್‌ಫರ್ಡ್‌ನಲ್ಲಿ ಪಾದ್ರಿಯಾಗಿದ್ದ ನಮ್ಮ ಹೂಕರ್, ಎಸೆಕ್ಸ್‌ನ ಹಳೆಯ ನೆರೆಯವ, ಈತ ವ್ಯಾಪಾರವನ್ನೆಲ್ಲ ತನ್ನ ಕೈಯಲ್ಲೇ ಇಟ್ಟುಕೊಳ್ಳಲು ಹೊಂಚಿದವನು ಎಂದು ವಿಂತ್ರಾಪ್‌ಗೆ ಕಾಗದ ಬರೆದ. ನನ್ನ ಮಾತು ಕೇಳಿದರೆ ಇಬ್ಬರದೂ ಅರ್ಧ ನಿಜ. ಬೆಲೆ ಕುದುರದ ಹೊರತು ಕೊಳ್ಳದಿರುವುದು ಪಿಂಚನ್‌ಗೆ ಲಾಭದ ಮಾತೂ ಆಗಿತ್ತು. ಆದರೆ ಮಾರುವವನಿಗೆ ‘ಇಲ್ಲ’ ಎನ್ನುವ ಹಕ್ಕಿದೆ ಎಂದು ಆ ಚಳಿಗಾಲ ಪಟ್ಟು ಹಿಡಿದ ಇಂಗ್ಲಿಷ್ ಅಧಿಕಾರಿ ಬೇರೆ ಯಾರೂ ಕಾಣುವುದಿಲ್ಲ. ಹಸಿದ ನೆರೆಯವನ ಮುಂದೆ ಕರಾರಿನ ನ್ಯಾಯ ಹೇಳುತ್ತ ಕೂತವನು ಎಂಬ ಕೆಟ್ಟ ಹೆಸರೂ ಹಾಗೇ ಉಳಿಯಿತು.

ಈ ಅವಮಾನದ ಮೇಲೆ ಪಿಂಚನ್ ಊರನ್ನೇ ಕನೆಕ್ಟಿಕಟ್ಟಿನಿಂದ ಕಿತ್ತು ಮ್ಯಾಸಚೂಸೆಟ್ಸ್‌ಗೆ ಜೋಡಿಸಿಬಿಟ್ಟ. 1639ರ ಫೆಬ್ರವರಿಯಲ್ಲಿ ಊರಿನವರು ಸೇರಿ ಇವನನ್ನೇ ಮ್ಯಾಜಿಸ್ಟ್ರೇಟ್ ಎಂದು ಆರಿಸಿದರು. ಒಂದೆರಡು ವರ್ಷದಲ್ಲೇ ಅಗಾವಮ್ ಎಂಬ ಹೆಸರು ಹೋಗಿ ಇವನ ಹುಟ್ಟೂರಿನ ಹೆಸರು ಬಂತು. ಇವತ್ತು ನಕ್ಷೆಯಲ್ಲಿ ಸ್ಪ್ರಿಂಗ್‌ಫೀಲ್ಡ್ ಮ್ಯಾಸಚೂಸೆಟ್ಸ್ ಒಳಗಿದ್ದು, ಇಪ್ಪತ್ತೈದು ಮೈಲಿ ಆಚೆ ಅದೇ ಹೊಳೆ ದಡದ ಹಾರ್ಟ್‌ಫರ್ಡ್ ಬೇರೆ ರಾಜ್ಯದ ರಾಜಧಾನಿಯಾಗಿರುವುದಕ್ಕೆ ಜೋಳದ ಜಗಳ ಒಂದು ಕಾರಣ. ಜಗಳ ಅಲ್ಲಿಗೂ ನಿಲ್ಲಲಿಲ್ಲ. ನದಿಯ ಬಾಯಲ್ಲಿದ್ದ ಸೇಬ್ರೂಕ್ ಕೋಟೆಯನ್ನು ಕನೆಕ್ಟಿಕಟ್ 1644ರಲ್ಲಿ ಕೊಂಡುಕೊಂಡಿತು, ಆಮೇಲೆ ಅದರ ಖರ್ಚಿಗೆ ಹೊಳೆಯಲ್ಲಿ ಇಳಿಯುವ ಜೋಳಕ್ಕೆ ಬುಷೆಲ್ಲಿಗೆ 2 ಪೆನ್ಸ್ ಸುಂಕ ಹಾಕಿತು. ನಾನೇಕೆ ಕೊಡಲಿ ಎಂದ ಪಿಂಚನ್. ಕೊನೆಗೆ 1649ರಲ್ಲಿ ಮ್ಯಾಸಚೂಸೆಟ್ಸ್ ಸೇಡಿಗೆ ಬಾಸ್ಟನ್ ಬಂದರಿನಲ್ಲಿ ನೆರೆಯ ವಸಾಹತುಗಳ ಸರಕಿಗೆಲ್ಲ ಸುಂಕ ಬಿಗಿಯಿತು.

ಮ್ಯಾಜಿಸ್ಟ್ರೇಟ್ ಪಿಂಚನ್‌ನ ಕೋರ್ಟಿನ ಪುಸ್ತಕ ಉಳಿದಿದೆ, ಹಾರ್ವರ್ಡ್ ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ. ನನಗೆ ಬಹಳ ಇಷ್ಟವಾದ ದಾಖಲೆ. ಹನ್ನೆರಡು ಜನ ಪಂಚರನ್ನು ಕೂಡಿಸಲು ಊರಲ್ಲಿ ಜನವೇ ಸಾಲದು, ಆದ್ದರಿಂದ 10 ಪೌಂಡಿಗಿಂತ ಕಡಿಮೆಯ ವ್ಯಾಜ್ಯಕ್ಕೆ ಆರು ಜನ ಸಾಕು ಎಂದು ನಿಯಮ ಮಾಡಿಕೊಂಡರು. ಮೊದಲ ವರ್ಷವೇ ಊರಿನ ಪಾದ್ರಿ ಜಾರ್ಜ್ ಮಾಕ್ಸನ್, ಮೊದಲ ಮನೆ ಕಟ್ಟಿದ ಆ ವುಡ್‌ಕಾಕ್ ಮೇಲೆ ಮಾನಹಾನಿ ದಾವೆ ಹೂಡಿದ. ಕೇಳಿದ ಪರಿಹಾರ 9 ಪೌಂಡ್ 19 ಷಿಲಿಂಗ್. ಒಂದು ಷಿಲಿಂಗ್ ಜಾಸ್ತಿ ಕೇಳಿದ್ದರೆ ಆ ಕೋರ್ಟಿಗೇ ಅಧಿಕಾರವಿಲ್ಲ! ಪಂಚರು 6 ಪೌಂಡ್ 13 ಷಿಲಿಂಗ್ 4 ಪೆನ್ಸ್ ಕೊಡಿಸಿದರು. ಹಂದಿ ಕಾಟ, ಬೇಲಿ, ಸಾಲ, ಬೈಗುಳ, ಹೀಗೆ ಹಳ್ಳಿ ಪಂಚಾಯ್ತಿ ಕಂಡವರಿಗೆ ಆ ಪುಟಗಳಲ್ಲಿ ಹೊಸದೇನೂ ಅನ್ನಿಸುವುದಿಲ್ಲ.

1648ರಲ್ಲಿ ಇನ್ನೊಂದು ಪ್ರಸಂಗ. ಮೂಲನಿವಾಸಿಗಳ ನಡುವೆಯೇ ಕೊಲೆಗಳಾದವು. ಕೊಲೆಗಾರರನ್ನು ಹಿಡಿಸಿಕೊಡು ಎಂದು ಬಾಸ್ಟನ್ನಿನಿಂದ ಹೇಳಿಕಳಿಸಿದರು. ಪಿಂಚನ್ ವಿಂತ್ರಾಪ್‌ಗೆ ಬರೆದ ಉತ್ತರದ ಸಾರಾಂಶ ಇಷ್ಟು: ರಾಜನ ಸನದಿನ ಗೆರೆಯೊಳಗೆ ಅವರಿದ್ದಾರೆ ನಿಜ, ಅಷ್ಟಕ್ಕೇ ನಮ್ಮ ಪ್ರಜೆಗಳಾಗುವುದಿಲ್ಲ. ಅವರಾಗಿ ನಮ್ಮ ಆಡಳಿತಕ್ಕೆ ಒಪ್ಪಿ, ನಾವು ಅವರ ನೆಲ ಕೊಳ್ಳುವವರೆಗೆ ಅವರು ಸ್ವತಂತ್ರ ಜನ. ಲಂಡನ್ನಿನಲ್ಲಿ ಕುಳಿತು ಗೆರೆ ಎಳೆದರೆ ಇಲ್ಲಿಯ ಒಪ್ಪಿಗೆ ಸಿಕ್ಕಂತಲ್ಲ ಎಂದು 1648ರಲ್ಲೇ ಒಬ್ಬ ವಸಾಹತುಗಾರ ಹೇಳಿದ್ದಾನೆ.

ಇನ್ನು ಪುಸ್ತಕ. 1650ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು, ಹೆಸರು ‘ನಮ್ಮ ವಿಮೋಚನೆಯ ಪುಣ್ಯದ ಬೆಲೆ’ ಎಂಬರ್ಥದ್ದು. ವ್ಯಾಪಾರಿಯೊಬ್ಬನಿಗೂ ದೇವಶಾಸ್ತ್ರಿಯೊಬ್ಬನಿಗೂ ನಡೆಯುವ ಸಂವಾದದ ರೂಪ. ಆಗಿನ ನ್ಯೂ ಇಂಗ್ಲೆಂಡಿನ ಪಾದ್ರಿಗಳ ನಂಬಿಕೆ ಹೀಗಿತ್ತು: ಮನುಷ್ಯರ ಪಾಪವನ್ನು ದೇವರು ಕ್ರಿಸ್ತನ ತಲೆಗೆ ಹಚ್ಚಿದ, ಅವನ ಮೇಲೆ ತನ್ನ ಕೋಪ ಸುರಿದ, ಕ್ರಿಸ್ತ ನಮ್ಮ ಪರವಾಗಿ ನರಕದ ಯಾತನೆ ಉಂಡ, ಸಾಲ ತೀರಿತು. ಪಿಂಚನ್ ಒಪ್ಪಲಿಲ್ಲ. ನಿರಪರಾಧಿಯ ಮೇಲೆ ನ್ಯಾಯವಂತ ದೇವರು ಕೋಪ ಸುರಿಯುವುದು ಹೇಗೆ? ಕ್ರಿಸ್ತನಿಗೆ ನೋವು ಕೊಟ್ಟವರು ಸೈತಾನ ಮತ್ತು ಮನುಷ್ಯರು. ನಮ್ಮನ್ನು ಬಿಡಿಸಿದ ಬೆಲೆ ಆ ಯಾತನೆಯಲ್ಲ, ಮಧ್ಯಸ್ಥನಾಗಿ ಅವನು ಮನಸಾರೆ ತೋರಿದ ಸಂಪೂರ್ಣ ವಿಧೇಯತೆ. ನನ್ನ ಮಾತಲ್ಲಿ ಹೇಳುವುದಾದರೆ, ಜಾಮೀನು ನಿಂತವನನ್ನು ಸಾಹುಕಾರ ಕಟ್ಟಿಹಾಕಿ ಹೊಡೆದರೆ ಸಾಲ ಜಮಾ ಆಗುತ್ತದೆಯೇ? ಇದೇನು ಮೈಮೇಲೆ ಬಂದು ಆಡಿದ ಮಾತಲ್ಲ, ಹೀಬ್ರೂ ಪದಗಳನ್ನು ಹಿಡಿದು ಪುಟಗಟ್ಟಲೆ ವಾದ ಮಾಡಿದ್ದಾನೆ. ನಲವತ್ತಕ್ಕೆ ಹಡಗು ಹತ್ತಿ, ಚರ್ಮ ಮಾರುತ್ತ, ಹಂದಿಯ ವ್ಯಾಜ್ಯ ತೀರಿಸುತ್ತ ಇದನ್ನೆಲ್ಲ ಓದಿಕೊಂಡದ್ದು. ಇವನನ್ನು ಬರೀ ವ್ಯಾಪಾರಿ ಎನ್ನಲು ನನಗೆ ಬಾಯಿ ಬಾರದಿರುವುದು ಇದಕ್ಕೇ.

ಪುಸ್ತಕ ಅಕ್ಟೋಬರಿನಲ್ಲಿ ಬಾಸ್ಟನ್ ತಲುಪಿತು. ಅದೇ ತಿಂಗಳು ಜನರಲ್ ಕೋರ್ಟ್, ಅಂದರೆ ವಸಾಹತಿನ ಶಾಸನಸಭೆ, ಅದನ್ನು ಖಂಡಿಸಿ, ಮಾರುಕಟ್ಟೆ ಬಯಲಿನಲ್ಲಿ ಗಲ್ಲಿಗೇರಿಸುವ ಕೆಲಸದವನ ಕೈಯಿಂದ ಸುಡಿಸಲು ಆಜ್ಞೆ ಮಾಡಿತು. ಇಪ್ಸ್‌ವಿಚ್‌ನ ಪಾದ್ರಿ ಜಾನ್ ನಾರ್ಟನ್‌ಗೆ ಖಂಡನೆ ಬರೆಯಲು ಹೇಳಿ ಹಣವನ್ನೂ ಕೊಟ್ಟಿತು.

ತಮ್ಮವನದೇ ಪುಸ್ತಕ ಸುಡುವುದೆಂದರೇನು ಎಂದು ನೀವು ಕೇಳಿದ್ದು ಸರಿ. ಪ್ಯೂರಿಟನ್ನರು ಬಂದದ್ದು ತಮ್ಮ ಧರ್ಮವನ್ನು ಸರಿಯಾಗಿ ನಡೆಸುವುದಕ್ಕೆ, ಎಲ್ಲರಿಗೂ ಬೇಕಾದ ಧರ್ಮ ನಡೆಸಲು ಬಿಡುವುದಕ್ಕಲ್ಲ. ಇದರಲ್ಲಿ ಅವರು ಯಾರಿಗೂ ಮೋಸ ಮಾಡಿರಲಿಲ್ಲ. ಮತದ ವಿಷಯದಲ್ಲಿ ಎದುರು ಮಾತಾಡಿದ ರೋಜರ್ ವಿಲಿಯಮ್ಸ್, ಆನ್ ಹಚಿನ್‌ಸನ್ ಇಬ್ಬರನ್ನೂ ಅದಾಗಲೇ ಗಡೀಪಾರು ಮಾಡಿದ್ದರು. ಪಿಂಚನ್‌ನದು ಇನ್ನೊಂದು ಬಗೆಯ ತಲೆನೋವು. ಅವನು ಸನದಿನಲ್ಲಿ ಹೆಸರಿದ್ದವನು, ಮ್ಯಾಜಿಸ್ಟ್ರೇಟ್, ಮಾಜಿ ಖಜಾಂಚಿ. ಪುಸ್ತಕದ ಮುಖಪುಟದಲ್ಲೇ ನ್ಯೂ ಇಂಗ್ಲೆಂಡಿನ ಗಣ್ಯ ಎಂದು ಅಚ್ಚಾಗಿತ್ತು. 1649ರಲ್ಲಿ ಇಂಗ್ಲೆಂಡಿನಲ್ಲಿ ರಾಜನ ತಲೆ ಹಾರಿ, ಮತಗಳ ನಡುವೆ ಹಗ್ಗಜಗ್ಗಾಟ ನಡೆದಿತ್ತು. ನ್ಯೂ ಇಂಗ್ಲೆಂಡ್ ಪಾಷಂಡಿಗಳ ಗೂಡು ಎಂದು ಅಲ್ಲಿನ ಎದುರಾಳಿಗಳು ಆಡಿಕೊಳ್ಳುತ್ತಿದ್ದರು. ಇದು ನಮ್ಮ ಮತವಲ್ಲ ಎಂದು ಲಂಡನ್ನಿಗೆ ಕಾಣುವಷ್ಟು ಎತ್ತರದ ಉರಿ ಬಾಸ್ಟನ್ನಿಗೆ ಬೇಕಾಗಿತ್ತು.

1651ರ ಮೇ ತಿಂಗಳಲ್ಲಿ ಪಿಂಚನ್ ಬಾಸ್ಟನ್ನಿಗೆ ಹೋಗಿ ನಿಲ್ಲಬೇಕಾಯಿತು. ಅದೇ ತಿಂಗಳು, ಅದೇ ಊರಿಗೆ ಸ್ಪ್ರಿಂಗ್‌ಫೀಲ್ಡಿನಿಂದ ಇನ್ನೊಂದು ಕೇಸು ಬಂದಿತ್ತು. ಇಟ್ಟಿಗೆ ಸುಡುವ ಹ್ಯೂ ಪಾರ್ಸನ್ಸ್ ಮತ್ತು ಅವನ ಹೆಂಡತಿ ಮೇರಿ ಮಾಟಗಾರರು ಎಂಬ ಆರೋಪ. ಸೇಲಮ್‌ನ ಕುಖ್ಯಾತ ವಿಚಾರಣೆಗೆ ಇನ್ನೂ ನಲವತ್ತೊಂದು ವರ್ಷವಿದೆ. ಹ್ಯೂ ಜಗಳಗಂಟ. ಪಾದ್ರಿ ಮಾಕ್ಸನ್‌ನ ಹೊಗೆಗೂಡಿಗೆ ಇಟ್ಟಿಗೆ ಕೊಡುವ ಕರಾರಿನ ಮೇಲೂ ಜಗಳವಾಗಿ, ಇದಕ್ಕೆ ಸರಿಯಾಗಿ ತೀರಿಸುತ್ತೇನೆ ಎಂದಿದ್ದ. ಆಮೇಲೆ ಪಾದ್ರಿಯ ಹೆಣ್ಣುಮಕ್ಕಳಿಗೆ ಮೈಮೇಲೆ ಬಂದ ಹಾಗೆ ಆಗತೊಡಗಿತು. ಮೇರಿ ತನ್ನ ಗಂಡನನ್ನೇ ದೂರಿದಳು, ಮಗುವನ್ನು ಕೊಂದೆ ಎಂದು ತಾನೂ ಒಪ್ಪಿಕೊಂಡಳು. ಊರವರ ಹೇಳಿಕೆಗಳನ್ನು ಒಂದೊಂದಾಗಿ ಬರೆದುಕೊಂಡವನು ಪಿಂಚನ್. ಮೇರಿಗೆ ಮಾಟದ ಆರೋಪದಿಂದ ಬಿಡುಗಡೆ, ಮಗುವಿನ ಕೊಲೆಗೆ ಮರಣದಂಡನೆ. ಗಲ್ಲಿಗೇರಿಸುವ ಮೊದಲೇ ಜೈಲಿನಲ್ಲಿ ಸತ್ತಳೆಂದು ತೋರುತ್ತದೆ. ಹ್ಯೂನನ್ನು ಪಂಚರು ತಪ್ಪಿತಸ್ಥ ಎಂದರೂ ಮ್ಯಾಜಿಸ್ಟ್ರೇಟರು ಒಪ್ಪದೆ, 1652ರಲ್ಲಿ ಬಿಡುಗಡೆಯಾಯಿತು. ಕರಾರಿನ ಮನುಷ್ಯ ಇಲ್ಲಿ ಮಾಟದ ಮಾತನ್ನು ಎಷ್ಟು ನಂಬಿದನೋ ಆ ಹೇಳಿಕೆಗಳಿಂದ ತಿಳಿಯುವುದಿಲ್ಲ. ನಂಬದಿದ್ದರೆ ಅಷ್ಟು ಹೊತ್ತು ಬರೆಯುತ್ತಿರಲಿಲ್ಲ ಎಂದೇ ನನ್ನ ಅಂದಾಜು.

ಬಾಸ್ಟನ್ನಿನಲ್ಲಿ ಜಾನ್ ಕಾಟನ್, ನಾರಿಸ್, ನಾರ್ಟನ್ ಎಂಬ ಮೂವರು ಪಾದ್ರಿಗಳು ಕೂರಿಸಿಕೊಂಡು ಮಾತಾಡಿದರು. ಹೇಳಬೇಕಾದಷ್ಟು ಸ್ಪಷ್ಟವಾಗಿ ಹೇಳಲಿಲ್ಲವೇನೋ ಎಂದು ಪಿಂಚನ್ ಒಂದು ಕಾಗದ ಬರೆದುಕೊಟ್ಟ, ತಪ್ಪಾಯಿತು ಎನ್ನಲಿಲ್ಲ. ಮ್ಯಾಜಿಸ್ಟ್ರೇಟ್ ಕೆಲಸ ಅಳಿಯ ಸ್ಮಿತ್‌ಗೆ ಹೋಯಿತು. ಅಕ್ಟೋಬರಿಗೆ ಮತ್ತೆ ಬಾ ಎಂದರು. ಅದಕ್ಕೆ ಮುಂಚೆ, ಸೆಪ್ಟೆಂಬರಿನಲ್ಲಿ, ತನ್ನ ಜಮೀನನ್ನೆಲ್ಲ ಮಗ ಜಾನ್ ಹೆಸರಿಗೆ ಬರೆದುಬಿಟ್ಟ. ಆಸ್ತಿ ಜಪ್ತಿಯಾಗುವ ಮುನ್ನವೇ ಕಾಗದ ಭದ್ರ! 1652ರಲ್ಲಿ ಹೆಂಡತಿ, ಸ್ಮಿತ್, ಪಾದ್ರಿ ಮಾಕ್ಸನ್ ಎಲ್ಲರೂ ಇಂಗ್ಲೆಂಡಿಗೆ ಹಿಂದಿರುಗಿದರು. ಪಿಂಚನ್ ಥೇಮ್ಸ್ ದಡದ ರೇಸ್‌ಬರಿಯಲ್ಲಿ ನೆಲೆಸಿ, ಸುಮ್ಮನಿರದೆ ಮತ್ತೆ ಮತ್ತೆ ಪುಸ್ತಕ ಬರೆದ. 1655ರಲ್ಲಿ ನಾರ್ಟನ್‌ನ ಖಂಡನೆಗೆ ಪ್ರತ್ಯುತ್ತರವಾಗಿ ಹಳೆಯ ಪುಸ್ತಕವನ್ನೇ ಹಿಗ್ಗಿಸಿ ತಂದ. 1662ರ ಅಕ್ಟೋಬರಿನಲ್ಲಿ ಅಲ್ಲೇ ತೀರಿಕೊಂಡ.

ಮಗ ಜಾನ್ ಅಲ್ಲೇ ಉಳಿದ, ಅಪ್ಪನಿಗಿಂತ ದೊಡ್ಡ ಸಾಹುಕಾರನಾದ. ಹೊಳೆಯ ಮೇಲ್ಗಡೆ ನಾರ್ಥಾಂಪ್ಟನ್, ಹ್ಯಾಡ್ಲಿ, ಡೀರ್‌ಫೀಲ್ಡ್‌ನಂಥ ಊರುಗಳು ಎದ್ದದ್ದು ಅವನು ಮಾಡಿಸಿದ ಕ್ರಯಪತ್ರಗಳ ಮೇಲೆ. ಬೀವರ್ ಮುಗಿಯುತ್ತ ಬಂದ ಹಾಗೆ ಮೂಲನಿವಾಸಿಗಳಿಗೆ ಸಾಲ ತೀರಿಸಲು ಉಳಿದದ್ದು ನೆಲ ಒಂದೇ. ಚರ್ಮ ತಂದುಕೊಡುತ್ತೇವೆಂದು ಸರಕು ತೆಗೆದುಕೊಂಡು ಭೂಮಿ ಅಡವಿಡುವುದು, ಚರ್ಮ ಸಿಗದೆ ಭೂಮಿ ಹೋಗುವುದು. ಒತ್ತಾಯವಿಲ್ಲ, ಕತ್ತಿಯಿಲ್ಲ, ಎಲ್ಲ ಸಹಿ ಸಾಕ್ಷಿ ಸಮೇತ. ನಿಮ್ಮ ‘ಕೊಂಡದ್ದೋ ಕಿತ್ತುಕೊಂಡದ್ದೋ’ ಪ್ರಶ್ನೆಗೆ ಉತ್ತರ 1636ರ ಕಾಗದದಲ್ಲಿರುವುದಕ್ಕಿಂತ ಈ ಅಡವಿನ ಲೆಕ್ಕದಲ್ಲಿ ಹೆಚ್ಚು ಇದೆ. 1675ರ ಅಕ್ಟೋಬರ್ 5ರಂದು, ಮೂಲನಿವಾಸಿ ನಾಯಕ ಮೆಟಾಕಾಮ್ ಇಂಗ್ಲಿಷರ ಮೇಲೆ ಹೂಡಿದ ಯುದ್ಧದ ನಡುವೆ, ಸ್ಪ್ರಿಂಗ್‌ಫೀಲ್ಡ್ ಸುಟ್ಟುಹೋಯಿತು. ಸುಟ್ಟವರ ಜೊತೆ ಅಗಾವಮ್ ಜನರಿದ್ದರು, ನಲವತ್ತು ವರ್ಷ ಅದೇ ಊರಿನ ನೆರೆಯವರು. ಪಡೆಯೊಂದಿಗೆ ಹ್ಯಾಡ್ಲಿಯಲ್ಲಿದ್ದ ಜಾನ್ ಓಡೋಡಿ ಬರುವಷ್ಟರಲ್ಲಿ ಮನೆಗಳು, ಗಿರಣಿಗಳು ಉರಿಯುತ್ತಿದ್ದವು. ಜನ ಜೀವ ಉಳಿಸಿಕೊಂಡದ್ದು ಅವನ ಇಟ್ಟಿಗೆ ಮನೆಯೊಳಗೆ.

ಇನ್ನೊಮ್ಮೆ ಮಗಳ ಊರಿಗೆ ಹೋದರೆ ಸೇಲಮ್‌ನ ಪೀಬಡಿ ಎಸೆಕ್ಸ್ ಮ್ಯೂಸಿಯಂ ಬಗ್ಗೆ ವಿಚಾರಿಸಿ. 1657ರಲ್ಲಿ ಇಂಗ್ಲೆಂಡಿನಲ್ಲಿ ಬರೆಸಿದ ಪಿಂಚನ್‌ನ ಚಿತ್ರ ಅವರ ಸಂಗ್ರಹದಲ್ಲಿದೆ. ಪಟದ ಮೇಲೆಯೇ ವಯಸ್ಸು 67 ಎಂದು ಬರೆದಿದೆ. ತಲೆಗೆ ಕಪ್ಪು ಕುಲಾವಿ, ಅಗಲ ಬಿಳಿ ಕಾಲರ್. ಬಾಸ್ಟನ್ನಿನಲ್ಲಿ ಹಳೆಯ ಸ್ಟೇಟ್ ಹೌಸ್ ಎಂಬ ಇಟ್ಟಿಗೆ ಕಟ್ಟಡವನ್ನು ಪ್ರವಾಸಿಗರಿಗೆ ಹೇಗೂ ತೋರಿಸುತ್ತಾರೆ. ಆ ಕಾಲದ ಮಾರುಕಟ್ಟೆ ಬಯಲು ಇದ್ದದ್ದು ಅಲ್ಲೇ. ಪುಸ್ತಕ ಸುಟ್ಟದ್ದೂ ಅಲ್ಲೇ.